ಪೆಟ್ಟಿಗೆ ಹೊತ್ತು ತಂದವನು

ಒಳಗೆ ಕಾಲಿಡುವ ಮೊದಲು ಹೆಸರು ಬರೆಯಬೇಕಿತ್ತು. ಬಾಗಿಲ ಪಕ್ಕದ ಮೇಜಿನ ಮೇಲೆ ದಪ್ಪನೆಯ ಪುಸ್ತಕವೊಂದು ಅಂಗಾತ ಬಿದ್ದಿತ್ತು. ಅದರ ಪೆನ್ನಿಗೆ ದಾರ ಕಟ್ಟಿ ಮೇಜಿನ ಕಾಲಿಗೆ ಬಿಗಿದಿದ್ದರು. ಬರುವವರೆಲ್ಲ ಕಳ್ಳರೆಂದು ಮೊದಲೇ ತೀರ್ಮಾನಿಸಿದ ಹಾಗಿದೆ ಎಂದುಕೊಂಡ ಡನ್‌ಸ್ಟನ್. ಪೆನ್ನನ್ನು ಕೈಗೆತ್ತಿಕೊಂಡ, ಮೇಲಿನ ಸಾಲುಗಳಲ್ಲಿ ಯಾರು ಯಾರು ಬರೆದಿದ್ದಾರೆಂದು ನೋಡಿದ, ಹೋಗುವಾಗ ಬರೆದರಾಯಿತು ಎಂದು ಮೆಲ್ಲಗೆ ಇದ್ದಲ್ಲೇ ಇಟ್ಟ. ಐವತ್ತೇಳು ವರ್ಷದವನು, ಭಾನುವಾರ ಚರ್ಚಿನಲ್ಲಿ ಬೈಬಲಿನ ಪಾಠ ಓದುವವನು, ಊರಿನ ಅರ್ಧ ಜನಕ್ಕೆ ಅರ್ಜಿ ಬರೆದುಕೊಡುವವನು. ಅಂಥವನು ತನ್ನ ಹೆಸರು ಬರೆಯಲು ಅಂಜಿದನೆಂದರೆ ಯಾರೂ ನಂಬುತ್ತಿರಲಿಲ್ಲ. ಆದರೆ ಎಲ್ಲಿ ಹೆಸರು ಬರೆಯುವಾಗಲೂ ಯಾರೋ ಹೆಗಲ ಹಿಂದೆ ನಿಂತು ಇಣುಕುತ್ತಿದ್ದಾರೆ ಅನ್ನಿಸುವುದು ಅವನಿಗೆ ಹೊಸದಲ್ಲ. ಹತ್ತನೆಯ ವಯಸ್ಸಿನಿಂದ ಅದು ಹಾಗೇ ಇದೆ.

ಎರಡು ಭಾನುವಾರಗಳ ಹಿಂದೆ, ಆರಾಧನೆ ಮುಗಿದು ಜನ ಚದುರುವಾಗ, ಕ್ರಿಸ್ಪಿನ್ ಬಂದು ಪಕ್ಕದಲ್ಲಿ ನಿಂತಿದ್ದ. ಕ್ರಿಸ್ಪಿನ್ ಹೋದ ವರ್ಷ ತೀರಿಕೊಂಡ ಸೋದರಮಾವ ಅಸೀಬಾನ ಮಗ. ಪೇಟೆಯ ಹಿಂದಿನ ಹಳೆಯ ಕಾಫಿ ಗೋದಾಮನ್ನು ಯುದ್ಧಕಾಲದ ಸಾಗಾಟದ ಮ್ಯೂಸಿಯಂ ಮಾಡಿದಂದಿನಿಂದ ಅದರ ಬೀಗದ ಕೈಗೊಂಚಲು ಅವನ ಸೊಂಟದಲ್ಲಿ. “ಗುರುವಾರ ಬಾ ಅಣ್ಣ. ಗುರುವಾರ ಜನ ಇರಲ್ಲ. ಒಬ್ನೇ ಬಾ” ಅಂದಿದ್ದ. ಜನ ಇಲ್ಲದ ದಿನ ಯಾಕೆ? ಒಬ್ಬನೇ ಯಾಕೆ? ಕ್ರಿಸ್ಪಿನ್ ಗುಟ್ಟಿನ ಮನುಷ್ಯನಲ್ಲ, ಏನಿದ್ದರೂ ನಾಲ್ಕು ಜನರ ಎದುರು ಹೇಳಿ ನಗಿಸುವವನು. ಆ ಮಾತನ್ನು ಡನ್‌ಸ್ಟನ್ ಹನ್ನೊಂದು ದಿನ ಹಲ್ಲಿನ ಸಂದಿಯ ನಾರಿನ ಹಾಗೆ ನಾಲಿಗೆಯಿಂದ ತಡವಿ ತಡವಿ ನೋಡಿದ್ದ. ಮ್ಯೂಸಿಯಂ ಗೋಡೆಯ ಮೇಲೆ ಯುದ್ಧದಲ್ಲಿ ಬಿಳಿಯರ ಸೈನ್ಯಕ್ಕೆ ಹೊರೆ ಹೊತ್ತವರ ಹೆಸರುಗಳನ್ನೆಲ್ಲ ಬರೆಸುತ್ತಿದ್ದಾರೆ ಎಂಬ ಸುದ್ದಿ ಊರಿಗೆ ಬಂದಿತ್ತು. ಕೊನೆಯವರೆಗೆ ಹೊತ್ತವರದೂ ಬರುತ್ತದೆಯಂತೆ, ನಡುವೆ ಇಳಿಸಿ ಓಡಿದವರದೂ ಬರುತ್ತದೆಯಂತೆ. ಈ ಎರಡನೆಯ ಮಾತು ಹೇಳುವಾಗ ಜನ ಅವನ ಕಡೆ ನೋಡಲಿಲ್ಲ. ಅವರು ನೋಡದೆ ಇದ್ದದ್ದನ್ನು ಅವನು ನೋಡಿದ್ದ.

ಇವತ್ತು ಬರುವಾಗ ಗೇಟಿನ ಬಳಿ ಅಡಿಕೆ ಮಾರುವ ಮುದುಕಿ ರೋಡಾ ಕೂಡ ಏನೋ ಬಲ್ಲವಳ ಹಾಗೆ ಮಾತಾಡಿದ್ದಳು. “ಏನಪ್ಪಾ ಪಾಠದ ಅಯ್ಯ, ವಾರದ ನಡುವೆ ಪೇಟೆ ಕಡೆ?”

“ಕ್ರಿಸ್ಪಿನ್ ಕರ್ದಿದ್ದ.”

“ಕರ್ದಿದ್ದ ಅನ್ನು. ಬೆಳಗ್ಗಿಂದ ಮೂರು ಸಲ ಗೇಟಿಗೆ ಬಂದು ಇಣುಕಿ ಹೋದ. ಹೆಣ್ಣು ನೋಡೋಕೆ ಬರೋರನ್ನ ಕಾಯೋ ಹಾಗೆ. ಬಾಯಲ್ಲಿರೋದನ್ನ ಇಲ್ಲೇ ಉಗುಳಿ ಹೋಗು, ಒಳಗೆ ಉಗುಳಿದ್ರೆ ಐದು ಕೀನಾ ದಂಡ. ನನ್ನ ಅಡಿಕೆಗೆ ಹತ್ತು ತೋಯ ಚಿಲ್ಲರೆ, ಅದರ ಎಂಜಲಿಗೆ ಐದು ಕೀನಾ. ಕಾಲ ಹಾಗೈತೆ ನೋಡು.”

ಮೂರು ಸಲ ಇಣುಕಿ ಹೋದನಂತೆ. ಡನ್‌ಸ್ಟನ್ ಕೆಂಪನ್ನು ಬೇಲಿಯ ಬುಡಕ್ಕೆ ಉಗುಳಿ, ಬಾಯಿ ಒರೆಸಿಕೊಂಡು, ಅಂಗಿಯ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡಿದ್ದ.

ಗೋದಾಮಿನ ಒಳಗೆ ಈಗಲೂ ಕಾಫಿಯ ವಾಸನೆ ಇತ್ತು, ಅದರ ಮೇಲೆ ಹೊಸ ಬಣ್ಣದ ವಾಸನೆ. ಕ್ರಿಸ್ಪಿನ್ ಕಂಬದ ಮರೆಯಿಂದ ಬಂದ, ನಗಲಿಲ್ಲ. “ಬಂದ್ಯಾ ಅಣ್ಣ. ಒಬ್ನೇ ಬಂದ್ಯಾ?” ಎಂದು ಡನ್‌ಸ್ಟನ್‌ನ ಬೆನ್ನ ಹಿಂದೆ ನೋಡಿದ. “ಒಬ್ನೇ” ಅಂದ ಡನ್‌ಸ್ಟನ್. “ನೋಡ್ತಾ ಇರು. ಮ್ಯೂಸಿಯಂ ನೋಡ್ಕೊಳ್ಳೋ ಮಿಸಿಸ್ ಒಳಗೆ ಬಣ್ಣ ಹಚ್ಚೋರ ಜೊತೆ ಅವ್ಳೆ. ನಾನು ಬರ್ತೀನಿ” ಎಂದು ಕೈಗೊಂಚಲನ್ನು ಸದ್ದಾಗದಂತೆ ಅಂಗೈಯಲ್ಲಿ ಮುಚ್ಚಿಕೊಂಡು ಹೋದ. ಸದ್ದಾಗದಂತೆ ಯಾಕೆ ಮುಚ್ಚಿಕೊಂಡ? ಡನ್‌ಸ್ಟನ್‌ಗೆ ಹಿಂದಿರುಗಿ ಹೋಗಿಬಿಡೋಣ ಅನ್ನಿಸಿತು. ಆದರೆ ಗೇಟಿನಲ್ಲಿ ರೋಡಾ ಇದ್ದಳು, ಇಷ್ಟು ಬೇಗ ಯಾಕೆ ಎಂದು ಕೇಳುತ್ತಿದ್ದಳು.

ಗೋಡೆಯುದ್ದಕ್ಕೂ ಯುದ್ಧದ ಸಾಮಾನುಗಳಿದ್ದವು. ಆದರೆ ಬಂದೂಕು ಒಂದೋ ಎರಡೋ. ಉಳಿದದ್ದೆಲ್ಲ ತಿನ್ನುವ, ಉಡುವ, ಕಟ್ಟುವ ವಸ್ತು. ತುಕ್ಕು ಹಿಡಿದ ಬಿಸ್ಕೆಟ್ ಡಬ್ಬಗಳು, ಜೋಡಿ ತಪ್ಪಿದ ಬೂಟುಗಳು, ಉಪ್ಪಿನ ಡಬ್ಬಿ, ಜ್ವರದ ಮಾತ್ರೆಯ ಸೀಸೆ, ಹಗ್ಗದ ಸುರುಳಿಗಳು. ವಿಮಾನದಿಂದ ಕೆಳಗೆ ಎಸೆದ ಅಕ್ಕಿಯ ಚೀಲವೊಂದನ್ನು ಕತ್ತರಿಸಿ ತೋರಿಸಿದ್ದರು: ಚೀಲದೊಳಗೆ ಇನ್ನೊಂದು ಚೀಲ. ಒಳಗಿನದು ಬಿಗಿ, ಹೊರಗಿನದು ಸಡಿಲ. ನೆಲಕ್ಕೆ ಬಿದ್ದಾಗ ಒಳಗಿನದು ಒಡೆಯುತ್ತದೆ, ಹೊರಗಿನದು ಚೆಲ್ಲದಂತೆ ಹಿಡಿದುಕೊಳ್ಳುತ್ತದೆ. ಡನ್‌ಸ್ಟನ್ ಅದರ ಮುಂದೆ ಬಹಳ ಹೊತ್ತು ನಿಂತ. ಮನುಷ್ಯರಲ್ಲೂ ಇಂಥವರಿರುತ್ತಾರೆ, ಒಳಗೆ ಎಂದೋ ಒಡೆದಿರುತ್ತದೆ, ಹೊರಗೆ ಒಂದು ಕಾಳೂ ಉದುರುವುದಿಲ್ಲ. ಪಕ್ಕದ ಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಒಂದು ಲೆಕ್ಕ: ಒಬ್ಬ ಹೊರೆಯಾಳು ಹೊರುವ ಅಕ್ಕಿಯನ್ನು ಅವನೊಬ್ಬನೇ ಹದಿಮೂರು ದಿನದಲ್ಲಿ ತಿಂದು ಮುಗಿಸುತ್ತಾನೆ, ಆದ್ದರಿಂದ ಮುಂಚೂಣಿಯಲ್ಲಿರುವ ಸಿಪಾಯಿಗೆ ಒಂದು ತುತ್ತು ಮುಟ್ಟಬೇಕಾದರೆ ದಾರಿಯಲ್ಲಿ ಎಷ್ಟು ಬೆನ್ನು ಬೇಕು? ಓದಿದ ಡನ್‌ಸ್ಟನ್‌ಗೆ ಕಿವಿ ಬಿಸಿಯಾಯಿತು. ಹೊತ್ತವನು ಹೊತ್ತದ್ದನ್ನೇ ತಿಂದ ಅನ್ನುವ ಹಾಗಿದೆ. ಅವನಪ್ಪ ಹೌರೊ ಊಟಕ್ಕೆ ಕೂತಾಗ ಯಾವಾಗಲೂ ಬಟ್ಟಲಲ್ಲಿ ಅರ್ಧ ಕೆಸುವಿನ ಗೆಡ್ಡೆ ಉಳಿಸುತ್ತಿದ್ದ, ಯಾರಿಗೋ ಎತ್ತಿಟ್ಟವನ ಹಾಗೆ.

ಅಪ್ಪ ಉಳಿಸುತ್ತಿರಲಿಲ್ಲವೆಂದರೆ ಒಂದೇ ದಿನ, ಕ್ರಿಸ್‌ಮಸ್ ದಿನ. ಆವತ್ತು ಮಾವ ಅಸೀಬಾ ಹಂದಿ ಕೊಯ್ಯುತ್ತಿದ್ದ. ಇಡೀ ಊರು ಸಾಲಾಗಿ ಕೂತಿರುವಾಗ ಹಿಂದಿನ ತೊಡೆಯ ಒಳ್ಳೆಯ ಭಾಗವನ್ನು, ಕೊಬ್ಬು ತೊಟ್ಟಿಕ್ಕುವಂತೆ, ಎಲ್ಲರಿಗಿಂತ ಮೊದಲು ತಾನೇ ಎತ್ತಿ ತಂದು ಅಪ್ಪನ ಎಲೆಯ ಮೇಲೆ ಇಡುತ್ತಿದ್ದ. ಯುದ್ಧದಲ್ಲಿ ಕೊನೆಯ ಬೆಟ್ಟದವರೆಗೆ ಹೊತ್ತು ಬಿಳಿ ಅಧಿಕಾರಿಯ ಕೈಯಿಂದ ಚೂರಿಯನ್ನೂ ಕೆಂಪು ಬಟ್ಟೆಯನ್ನೂ ಪಡೆದ ಅಸೀಬಾ, ಹೊರೆ ಇಳಿಸಿ ಓಡಿದ ಹೌರೊನ ಎಲೆಗೆ ಬಡಿಸುವುದು. ಅಪ್ಪ ತಲೆ ಎತ್ತದೆ ಅದನ್ನು ಪೂರ್ತಿ ತಿನ್ನುತ್ತಿದ್ದ. ಹುಡುಗರು ಡನ್‌ಸ್ಟನ್‌ನ ಪಕ್ಕೆ ತಿವಿದು “ನಿಮ್ಮಪ್ಪನ ಕಾಲಿಗೆ ಶಕ್ತಿ ಬರ್ಲಿ ಅಂತ ಕಣೋ, ಮತ್ತೆ ಓಡ್ಬೇಕಲ್ಲ” ಅನ್ನುತ್ತಿದ್ದರು. ತಿನ್ನದೆ ಎದ್ದುಹೋಗಬಾರದೇ? ಆ ಮಾಂಸವನ್ನು ನಾಯಿಗೆ ಹಾಕಬಾರದೇ? ನದಿಯಲ್ಲಿ ಮೀಯುವಾಗ ಅಪ್ಪ ಬೆನ್ನನ್ನು ದಡಕ್ಕೆ ತೋರಿಸುತ್ತಿರಲಿಲ್ಲ. ಆದರೂ ಹುಡುಗರು ನೀರಿನಡಿಯಿಂದ ಈಜಿ ಹೋಗಿ, ಓಡಿದ್ದಕ್ಕೆ ಬಿಳಿಯರು ಹೊಡೆದ ಎಂಟು ಬರೆಗಳನ್ನು ಎಣಿಸಿ ಬಂದಿದ್ದರು. ರಾತ್ರಿ ಅಮ್ಮ ಆ ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು, ಗಾಯ ಒಣಗಿ ವರ್ಷಗಳಾದ ಮೇಲೂ. ಒಂದು ಮಾತಿಲ್ಲ. ನಾಚಿಕೆಗೆ ಮಾತೆಲ್ಲಿ ಎಂದು ಆಗ ಅವನು ತಿಳಿದಿದ್ದ.

ಮುಂದೆ ಗಾಜಿನಾಚೆ ಜೇಡಿಮಣ್ಣಿನ ನಾಲ್ಕು ಹೊರೆಯಾಳುಗಳು ಬೆಟ್ಟ ಹತ್ತುತ್ತಿದ್ದರು. ನಾಲ್ವರಿಗೂ ಒಂದೇ ಮುಖ. ಒಂದೇ ಅಚ್ಚಿನಲ್ಲಿ ಎರೆದು ಕೂದಲು ಮಾತ್ರ ಬೇರೆ ಅಂಟಿಸಿದ್ದರು. ಎಲ್ಲರ ತಲೆಯೂ ತಗ್ಗಿತ್ತು. ಭಾರಕ್ಕೆ ತಗ್ಗಿದ ತಲೆ ಅದು ಎಂದು ನೋಡುವವರು ಅಂದುಕೊಳ್ಳುತ್ತಾರೆ. ಡನ್‌ಸ್ಟನ್‌ಗೆ ತಲೆ ತಗ್ಗುವ ಬೇರೆ ಬಗೆಯೂ ಗೊತ್ತಿತ್ತು. ತನ್ನ ಹೆಂಡತಿಯ ಒಡಹುಟ್ಟಿದವರ ಹೆಸರನ್ನು ಈ ಸೀಮೆಯ ಗಂಡಸು ಬಾಯಲ್ಲಿ ಎತ್ತುವುದಿಲ್ಲ. ಸಾಯುವ ಗಳಿಗೆಯಲ್ಲೂ ಎತ್ತುವುದಿಲ್ಲ. ಬೇರೆಯವರು ಆ ಹೆಸರು ಹೇಳಿದರೆ ತಲೆ ತಗ್ಗಿಸಿ ಅದು ತನ್ನ ಮೇಲಿಂದ ಹಾದುಹೋಗುವವರೆಗೆ ಸುಮ್ಮನಿರುತ್ತಾನೆ. ದೇವರ ಹೆಸರಿಗೆ ಬಾಗಿದ ಹಾಗೆಯೇ. ಅಪ್ಪ ಹಾಗೆ ಬಾಗಿದ್ದನ್ನು ಅವನು ಎಷ್ಟೋ ಸಲ ನೋಡಿದ್ದ. ಆದರೆ ಒಂದು ಸಲ ಬಾಗಿದ್ದು ಮಾತ್ರ ಕಣ್ಣಿನೊಳಗೆ ಮೊಳೆ ಹೊಡೆದಂತೆ ನಿಂತುಬಿಟ್ಟಿದೆ. ಮಿಷನ್ ಶಾಲೆಯ ಜಗಲಿ. ಹತ್ತು ವರ್ಷದ ಡನ್‌ಸ್ಟನ್. ಅವನ ಬಟ್ಟೆಯ ಮರದ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ಒಂದೂವರೆ ದಿನದ ದಾರಿ ನಡೆದುಬಂದು ಅಪ್ಪ ಮೆಟ್ಟಿಲ ಕೆಳಗೆ ನಿಂತಿದ್ದ. ದೊಡ್ಡ ಪುಸ್ತಕ ಬಿಡಿಸಿಕೊಂಡು ಕೂತ ಉಪಾಧ್ಯಾಯರು ತಂದೆಯ ಹೆಸರೇನು ಎಂದು ಕೇಳಿದರು. ಸಾಲಿನಲ್ಲಿ ಹಿಂದೆ ಅವನೂರಿನ ಇಬ್ಬರು ಹುಡುಗರಿದ್ದರು, ನಗುವುದಕ್ಕೆ ಬಾಯಿ ಸಿದ್ಧ ಮಾಡಿಕೊಂಡು. “ಅಸೀಬಾ” ಅಂದ ಡನ್‌ಸ್ಟನ್. ಮೆಟ್ಟಿಲ ಕೆಳಗೆ ಅಪ್ಪನ ತಲೆ ತಗ್ಗಿತು. “ಹಾಗಾದರೆ ಈತ ಯಾರು?” ಎಂದು ಉಪಾಧ್ಯಾಯರು ಪೆನ್ನಿನಿಂದ ತೋರಿಸಿದರು. “ಪೆಟ್ಟಿಗೆ ಹೊತ್ತು ತಂದವನು” ಅಂದ.

ಅಪ್ಪ ಪೆಟ್ಟಿಗೆಯನ್ನು ಜಗಲಿಯ ಮೇಲೆ ಶಬ್ದವಾಗದಂತೆ ಇಟ್ಟು ಹೋದ. ಆ ತಗ್ಗಿದ ತಲೆ ಬರೀ ಭಾವನ ಹೆಸರಿಗೆ ತೋರಿದ ಮರ್ಯಾದೆ, ಅಷ್ಟೇ, ಎಂದು ಡನ್‌ಸ್ಟನ್ ನಲವತ್ತೇಳು ವರ್ಷ ತನಗೆ ತಾನೇ ಹೇಳಿಕೊಂಡಿದ್ದಾನೆ. ಆಮೇಲೆ ಎಲ್ಲ ಪುಸ್ತಕಗಳಲ್ಲೂ ಅವನು ಡನ್‌ಸ್ಟನ್ ಅಸೀಬಾ. ಮಾವನ ಮೇಲಿನ ಅಕ್ಕರೆಗೆ ಇಟ್ಟುಕೊಂಡ ಹೆಸರೆಂದು ಊರು ತಿಳಿದಿತ್ತು. ಪ್ರತಿ ವರ್ಷ ಶಿಲುಬೆಯ ನೋವನ್ನು ನೆನೆಯುವ ಪಾಡಿನ ವಾರದಲ್ಲಿ, ಅಂಗಳದ ಬೆಂಕಿಯ ಬಳಿ ಶಿಷ್ಯನು ತನ್ನ ಗುರುವನ್ನೇ ‘ಆ ಮನುಷ್ಯನನ್ನು ನಾನರಿಯೆ’ ಎನ್ನುವ ಪಾಠವನ್ನು ಓದುವ ಸರದಿ ಅವನಿಗೇ ಬರುತ್ತದೆ. ಆ ಸಾಲನ್ನು ಅವನು ಬೇಗ ಬೇಗ ಓದಿ ಮುಂದಕ್ಕೆ ಹೋಗುತ್ತಾನೆ. ಮುಂದಿನ ಬೆಂಚಿನಲ್ಲಿ ಕೂತ ಕ್ರಿಸ್ಪಿನ್ ಆ ಹೊತ್ತಿನಲ್ಲಿ ನೆಲ ನೋಡುತ್ತಿರುತ್ತಾನೆ. ಅದನ್ನೂ ಅವನು ಗಮನಿಸಿದ್ದಾನೆ. ಗೊತ್ತಿದ್ದೇ ನೋಡುತ್ತಿರಬೇಕು.

ಹೆಸರಿನ ಗೋಡೆ ಕೊನೆಯಲ್ಲಿತ್ತು. ಅರ್ಧ ಭಾಗಕ್ಕೆ ಹೊಸ ಬಿಳಿ ಬಣ್ಣ ಬಳಿದು ಖಾಲಿ ಬಿಟ್ಟಿದ್ದರು. ಇನ್ನರ್ಧದಲ್ಲಿ ಸೀಸದ ಕಡ್ಡಿಯಿಂದ ಬರೆದ ತೆಳು ಅಕ್ಷರಗಳು, ಬಣ್ಣ ತುಂಬುವುದು ಬಾಕಿ. ಸಂಖ್ಯೆ, ಹೆಸರು, ಷರಾ. ಹುಡುಕುವ ಕಷ್ಟವೇ ಬೀಳಲಿಲ್ಲ, ಅವು ಅವನಿಗಾಗಿಯೇ ಕಣ್ಣಿನ ಮಟ್ಟದಲ್ಲಿ ಕಾದು ನಿಂತ ಹಾಗಿದ್ದವು. ಇನ್ನೂರ ಹನ್ನೆರಡು, ಅಸೀಬಾ, ಕೊನೆಯವರೆಗೆ. ಇನ್ನೂರ ಹದಿಮೂರು, ಹೌರೊ, ಓಡಿಹೋದ.

ಅಷ್ಟೇ. ಊರಿನ ಬಾಯಲ್ಲಿ ಇದ್ದದ್ದು ಈಗ ಗೋಡೆಗೆ ಬಂತು. ಬಾಯಿ ಸಾಯುತ್ತದೆ, ಗೋಡೆ ಸಾಯುವುದಿಲ್ಲ. ಶಾಲೆಯ ಮಕ್ಕಳು ಸಾಲಾಗಿ ಬಂದು ಓದುತ್ತಾರೆ. ಇದನ್ನು ತೋರಿಸುವುದಕ್ಕೇ ಕರೆದ. ಜನವಿಲ್ಲದ ದಿನ ಕರೆದು ಮೆಲ್ಲಗೆ ಕೊಯ್ಯುವ ಜಾಣತನ.

“ಓದಿದ್ಯಾ?” ಕ್ರಿಸ್ಪಿನ್ ಹಿಂದೆ ಬಂದು ನಿಂತಿದ್ದ.

“ಓದೋಕೆ ಬರುತ್ತೆ ನಂಗೆ.”

“ಸಿಟ್ಟಾಗ್ಬೇಡ. ಬಣ್ಣ ಹಚ್ಚೋರನ್ನ ತಡೆದು ನಿಲ್ಸಿದೀನಿ. ಮಿಸಿಸ್ ಹತ್ರ ಬೈಸ್ಕೊಂಡು ನಿಲ್ಸಿದೀನಿ.” ಅಂಗಿಯ ಕಿಸೆಯಿಂದ ಮಡಿಸಿದ ಬಾಳೆನಾರಿನ ಪೊಟ್ಟಣವೊಂದನ್ನು ತೆಗೆದು, ಬಿಚ್ಚಿ, ಅಂಗೈ ಮೇಲಿಟ್ಟು ತೋರಿಸಿದ. ದುಂಡನೆಯ ತಗಡಿನ ಬಿಲ್ಲೆ, ಮೇಲೆ ತೂತು, ನಡುವೆ ಗುದ್ದಿದ ಸಂಖ್ಯೆ: ಇನ್ನೂರ ಹದಿಮೂರು. “ನಮ್ಮಪ್ಪನ ಪೆಟ್ಟಿಗೆ ತಳದಲ್ಲಿತ್ತು. ಅವನು ಹೋದ್ಮೇಲೆ ಸಿಕ್ತು.”

ಅಪ್ಪನ ಬಿಲ್ಲೆ. ಡನ್‌ಸ್ಟನ್ ಅದನ್ನು ಮುಟ್ಟಲಿಲ್ಲ. ಕಳೆದುಹೋಯಿತು ಎಂದು ಹೇಳಿ ಅಪ್ಪ ಹೆಚ್ಚಿಗೆ ಎರಡು ಏಟು ತಿಂದದ್ದು ಇದಕ್ಕೇ. “ಮಾವನ ಹತ್ರ ಯಾಕಿತ್ತು? ಕಿತ್ಕೊಂಡನಾ?”

“ಕೂತ್ಕೋ ಅಣ್ಣ.”

“ನಿಂತೇ ಕೇಳ್ತೀನಿ.”

ಕ್ರಿಸ್ಪಿನ್ ತಾನೂ ಕೂರಲಿಲ್ಲ. “ಸಾಯೋ ಮೊದಲು ಮೂರು ದಿನ ಹೇಳಿದ್ದನ್ನೇ ಹೇಳ್ತಿದ್ದ ನಮ್ಮಪ್ಪ. ಹೊರೆಯಾಳುಗಳನ್ನ ಹಿಡ್ಕೊಂಡು ಹೋದ ದಿನ, ಬೆಟ್ಟದ ಬುಡದಲ್ಲಿ, ಪಟ್ಟಿ ಹಿಡ್ಕೊಂಡು ಹೆಸರು ಕೂಗಿ ಕೂಗಿ ಕೊರಳಿಗೆ ಬಿಲ್ಲೆ ಕಟ್ತಿದ್ರಂತೆ. ನಮ್ಮೂರಿಂದ ಆ ಸಾಲಿನಲ್ಲಿ ಇಬ್ರೇ. ನಮ್ಮಪ್ಪಂಗೆ ಜ್ವರ, ಮರದ ಕೆಳಗೆ ಬಿದ್ಕೊಂಡಿದ್ದ. ನಿಮ್ಮಪ್ಪ ನಿಂತಿದ್ದ. ಬಿಳಿಯ ‘ಅಸೀಬಾ’ ಅಂತ ಕೂಗ್ದ.” “ಭಾವನ ಹೆಸರು. ನಿಮ್ಮಪ್ಪ ಏನ್ಮಾಡ್ತಾನೆ?”

ಡನ್‌ಸ್ಟನ್‌ನ ಕಣ್ಣ ಮುಂದೆ ಮಿಷನ್ ಜಗಲಿಯ ಮೆಟ್ಟಿಲ ಕೆಳಗೆ ಆ ತಲೆ ತಗ್ಗಿತು.

“ತಲೆ ಬಗ್ಗಿಸ್ದ. ಬಿಳಿಯ ಅದನ್ನ ಹೌದು ಅಂತ ತಿಳ್ಕೊಂಡ. ಇನ್ನೂರ ಹನ್ನೆರಡನ್ನ ತಂದು ನಿಮ್ಮಪ್ಪನ ಕೊರಳಿಗೆ ಕಟ್ದ. ನಾನಲ್ಲ, ಅಗೋ ಅವನು ಅಂತ ತೋರ್ಸಿದ್ರೂ ಆ ಹೆಸರು ಹೇಳಿದ ಹಾಗೇ. ಹೇಳೋ ಹಾಗಿಲ್ಲ. ಉಳಿದಿದ್ದು ನಿಮ್ಮಪ್ಪನ ಇನ್ನೂರ ಹದಿಮೂರು. ಅದನ್ನ ಮಲಗಿದ್ದೋನ ಕೊರಳಿಗೆ ಕಟ್ಟಿದ್ರು.”

ಹೊರಗೆ ಎಣ್ಣೆತಾಳೆಯ ಲಾರಿಯೊಂದು ಹೋಯಿತು, ಗಾಜುಗಳು ನಡುಗಿದವು. ಕ್ರಿಸ್ಪಿನ್ ಹೇಳುತ್ತಾ ಹೋದ: ಇಬ್ಬರೂ ಹೊರೆ ನೇತಾಡುವ ಒಂದೇ ಅಡ್ಡೆಯ ಕೋಲಿಗೆ ಹೆಗಲು ಕೊಟ್ಟರು, ಹೌರೊ ಮುಂದೆ, ಅಸೀಬಾ ಹಿಂದೆ. ಹನ್ನೊಂದನೆಯ ದಿನ ಕೆಸರಿನ ಇಳಿಜಾರಿನಲ್ಲಿ ಅಸೀಬಾ ಹಿಂದಿನ ತುದಿಯನ್ನು ಬಿಟ್ಟ. “ಬಿಟ್ಟು ಜರಿಗಿಡದ ಹಿಂದೆ ಕೂತು ನೋಡ್ತಿದ್ನಂತೆ. ನಿಮ್ಮಪ್ಪ ಹೊರೆ ಇಳಿಸಿ ಹಿಂದೆ ತಿರುಗಿ ನೋಡಿದ್ನಂತೆ. ಬಹಳ ಹೊತ್ತು ನೋಡಿದ್ನಂತೆ. ಕೂಗ್ಲಿಲ್ಲ. ಕೂಗೋಕೆ ಹೆಸರು ಬೇಕಲ್ಲ. ‘ಕೂಗಿದ್ರೆ ಬಂದ್ಬಿಡ್ತಿದ್ದೆ ಕಣೋ’ ಅಂತಿದ್ದ ನಮ್ಮಪ್ಪ, ಮೂರು ದಿನವೂ ಅದೇ ಮಾತು. ಆಮೇಲೆ ನಿಮ್ಮಪ್ಪ ಇಬ್ಬರ ಹೊರೆಯನ್ನೂ ಬೆನ್ನಿಗೆ ಕಟ್ಕೊಂಡು ಬೆಟ್ಟ ಹತ್ತಿ ಹೋದ.”

“ಊರಿಗೆ ಗೊತ್ತಾಗ್ಲಿಲ್ವಾ?”

“ನಮ್ಮಪ್ಪ ಊರಿಗೆ ಬರ್ಲಿಲ್ಲ, ಕಾಡಿನಾಚೆ ತೋಟದ ಗುಡಿಸಲಲ್ಲಿದ್ದ. ಯುದ್ಧ ಮುಗಿದು ಬಿಳಿಯರು ಪಟ್ಟಿ ತಗೊಂಡು ಊರಿಗೆ ಬರ್ತಾರೆ ಅನ್ನೋ ಹಿಂದಿನ ಸಂಜೆ ಬಂದ. ನಿಮ್ಮಮ್ಮ, ನಮ್ಮತ್ತೆ, ಅಣ್ಣಂಗೆ ಏಟು ಬೀಳುತ್ತೆ ಅಂತ ಅತ್ಲಂತೆ. ನಿಮ್ಮಪ್ಪ ಮಾತಾಡ್ಲಿಲ್ಲ. ಕೊರಳಿಂದ ಹನ್ನೆರಡನ್ನ ಬಿಚ್ಚಿ ಭಾವನ ಕೊರಳಿಗೆ ಕಟ್ದ. ಹೆಸರಿಗೆ ಬಿಲ್ಲೆ ಸರಿಹೋಯ್ತು. ಓಡಿದ ದಿನವೇ ಬಿಚ್ಚಿದ್ದ ಹದಿಮೂರು ಮಾತ್ರ ತೋಟದ ಗುಡಿಸಲಲ್ಲೇ ಉಳ್ಕೊಂಡಿತ್ತು. ಮಾರನೇ ದಿನ ನಮ್ಮಪ್ಪಂಗೆ ಚೂರಿ, ಬಟ್ಟೆ. ನಿಮ್ಮಪ್ಪಂಗೆ…” ಅವನ ಕೈ ತನ್ನ ಬೆನ್ನಿನ ಕಡೆ ಹೋಗಿ ಅಲ್ಲೇ ನಿಂತಿತು.

ಇದನ್ನು ಕೇಳಿದಾಗ ಸಂತೋಷವಾಗಬೇಕಿತ್ತು. ಹಾಡಿ ಹೊಗಳಬೇಕೆನ್ನಿಸಬೇಕಿತ್ತು. ಡನ್‌ಸ್ಟನ್ ಒಳಗೆ ಹುಡುಕಿದ; ಸಿಕ್ಕಿದ್ದು ಅನುಮಾನವೇ. ಸಾಯುವವರು ಜ್ವರದಲ್ಲಿ ಏನೇನೋ ಹೇಳುತ್ತಾರೆ. ಇವನಾದರೂ ಒಂದು ವರ್ಷ ಯಾಕೆ ಸುಮ್ಮನಿದ್ದ? ಈಗ ಇದನ್ನು ಹೇಳಿ ಸತ್ಯವಂತನ ಹೆಸರು ಗಳಿಸಿಕೊಳ್ಳಲು ಹೊರಟಿದ್ದಾನೆಯೇ? ಅಪ್ಪನ ಬೆನ್ನಿನಿಂದ ಇಳಿದ ಹೊರೆಯಲ್ಲೂ ಇವರಿಗೇ ಒಂದು ಚೂರಿ, ಒಂದು ಕೆಂಪು ಬಟ್ಟೆ. ಆಮೇಲೆ ಅನುಮಾನ ತಾನಾಗಿ ಬೇರೆ ಕಡೆ ತಿರುಗಿತು, ಮನೆಯ ನಾಯಿ ಮನೆಯವರ ಕಡೆಗೇ ತಿರುಗಿ ಗುರುಗುಟ್ಟುವ ಹಾಗೆ. ಅಪ್ಪ ತನ್ನ ಮಗನಿಗೂ ಯಾಕೆ ಹೇಳಲಿಲ್ಲ? ಸಾಯುವಾಗ ಮೂವತ್ತು ವರ್ಷದ ಮಗ ಪಕ್ಕದಲ್ಲೇ ಕೂತಿದ್ದನಲ್ಲ. ಯಾರಿಗೆ ಹೇಳುತ್ತಾನೆ? ಪೆಟ್ಟಿಗೆ ಹೊತ್ತು ತಂದವನು ಮನೆಯ ಗುಟ್ಟನ್ನು ಯಾರಿಗೆ ಹೇಳುತ್ತಾನೆ? ಮಾವನ ಹೆಸರನ್ನು ಅಷ್ಟು ಇಷ್ಟಪಟ್ಟು ತೊಟ್ಟುಕೊಂಡ ಮಗನಿಂದ ಅದನ್ನು ಹರಿದು ತೆಗೆಯುವುದು ಹೇಗೆ? ಹಂದಿಯ ತೊಡೆಯ ಕೊಬ್ಬು, ಎಲೆಯ ಮೇಲೆ ಅದನ್ನು ಇಡುವಾಗ ಮಾವನ ಕೈ ನಡುಗುತ್ತಿದ್ದದ್ದು, ಬಿಸಿಯಿಂದ ಎಂದುಕೊಂಡಿದ್ದ ಆ ನಡುಕ, ಈಗ ಬೇರೆಯಾಗಿ ಕಂಡಿತು. ಅಪ್ಪ ಪೂರ್ತಿ ತಿನ್ನುತ್ತಿದ್ದ. ಉಳಿಸಿದ್ದರೆ ಮಾವನಿಗೆ ನೋವಾಗುತ್ತಿತ್ತು.

“ಒಂದು ವರ್ಷ ಯಾಕೆ ಬಚ್ಚಿಟ್ಟೆ?” ಎಂದು ಕೇಳಿದ.

“ಹೆದರಿದ್ದೆ. ಚರ್ಚಲ್ಲಿ ಅಯ್ಯನವರು ‘ಈಗ ಡನ್‌ಸ್ಟನ್ ಅಸೀಬಾ ಪಾಠ ಓದ್ತಾರೆ’ ಅನ್ನೋವಾಗೆಲ್ಲ ನಂಗೆ ತಲೆ ಎತ್ತೋಕಾಗಲ್ಲ. ಕದ್ದ ಮಾಲು ಮನೇಲಿ ಇದ್ದ ಹಾಗೆ. ನೀನು ನಮ್ಮ ಹೆಸರು ಕದ್ದೆ ಅಂತಲ್ಲ ಅಣ್ಣ, ನಾವು ನಿಮ್ಮದನ್ನ.” ಕ್ರಿಸ್ಪಿನ್ ಬಿಲ್ಲೆಯನ್ನು ಮತ್ತೆ ನಾರಿನಲ್ಲಿ ಸುತ್ತಿದ. “ಮಿಸಿಸ್‌ಗೆ ಎಲ್ಲಾ ಹೇಳಿದೀನಿ. ಎರಡು ಕಡೆಯವರ ಮಾತೂ ಬೇಕು, ಆಗ ಗೋಡೆ ತಿದ್ದಿಸ್ತೀನಿ ಅಂದ್ಲು. ಹೌರೊನ ಕಡೆಯವರು ಯಾರು ಅಂತ ಮಾತ್ರ ಹೇಳಿಲ್ಲ. ಅದು ನಾನು ಹೇಳೋ ಮಾತಲ್ಲ.”

ಅಂದರೆ ಇದೇ ಬಲೆ. ಅಪ್ಪನ ಹೆಸರು ತಿದ್ದಬೇಕಾದರೆ ತಾನು ಅಪ್ಪನ ಮಗನೆಂದು ಹೇಳಬೇಕು. ಹೇಳಿದರೆ ಶಾಲೆಯ ಪುಸ್ತಕ, ಚರ್ಚಿನ ಪುಸ್ತಕ, ಮದುವೆಯ ಪುಸ್ತಕ ಎಲ್ಲವೂ ಎದ್ದು ಕೇಳುತ್ತವೆ. ಪಾಠ ಓದುವವನು ನಲವತ್ತೇಳು ವರ್ಷ ಸುಳ್ಳು ಹೆಸರಿನಲ್ಲಿ ಓದಿದನಂತೆ ಎಂದು ರೋಡಾ ಅಡಿಕೆಯ ಜೊತೆ ಮಾರುತ್ತಾಳೆ. ಹೇಳದಿದ್ದರೆ ಗೋಡೆಗೆ ಬಣ್ಣ ತುಂಬಿಬಿಡುತ್ತಾರೆ.

ಕಿಟಕಿಯ ಕೆಳಗೆ, ‘ಎತ್ತಿ ನೋಡಿ’ ಎಂಬ ಹಲಗೆಯ ಪಕ್ಕ, ಒಂದು ಅಡ್ಡೆ ಇತ್ತು. ಉದ್ದನೆಯ ಮರದ ಕೋಲು, ನಡುವೆ ಹಗ್ಗದಲ್ಲಿ ಕಟ್ಟಿದ ಎರಡು ಗೋಣಿಚೀಲ, ಒಳಗೆ ಅಕ್ಕಿಯ ಬದಲು ಮರಳು. ಡನ್‌ಸ್ಟನ್ ಯಾಕೆ ಅದರ ಬಳಿ ಹೋದನೋ ಅವನಿಗೇ ತಿಳಿಯದು. ಮುಂದಿನ ತುದಿಯ ಬಳಿ ನಿಂತ. ಕ್ರಿಸ್ಪಿನ್ ಹಿಂದಿನ ತುದಿಗೆ ಬಂದ. ಬಗ್ಗುವ ಮೊದಲು ಅವನು, ಭಾರ ತನ್ನ ಹೆಗಲಿಗೇ ಹೆಚ್ಚು ಬೀಳಲೆಂದು, ಹಗ್ಗದ ಗಂಟನ್ನು ತನ್ನ ಕಡೆಗೆ ಒಂದು ಗೇಣು ಎಳೆದುಕೊಂಡದ್ದನ್ನು ಡನ್‌ಸ್ಟನ್ ಓರೆಗಣ್ಣಿನಲ್ಲಿ ನೋಡಿದ.

“ನಡುವಿಗೆ ತಾ.”

“ಇರ್ಲಿ ಬಿಡು.”

“ನಡುವಿಗೆ ತಾ ಅಂದೆ.”

ಗಂಟು ನಡುವಿಗೆ ಬಂತು. ಎತ್ತಿದರು. ಹೆಗಲಿನ ಮೂಳೆಗೆ ಮರ ಕಚ್ಚಿತು. ಇಷ್ಟು ಭಾರವಿರಬಹುದೆಂದು ಇಷ್ಟು ವರ್ಷಗಳಲ್ಲಿ ಅವನು ಒಂದು ಸಲವೂ ಎಣಿಸಿರಲಿಲ್ಲ. ನಾಲ್ಕು ಹೆಜ್ಜೆ ಇಟ್ಟ ಮೇಲೆ ಇನ್ನೊಂದು ತಿಳಿಯಿತು, ಮುಂದಿರುವವನಿಗೆ ಹಿಂದಿರುವವನು ಕಾಣುವುದಿಲ್ಲ. ಅಡ್ಡೆಯ ಅಲುಗಾಟ ಮಾತ್ರ ಅವನ ಸುದ್ದಿ ತರುತ್ತದೆ. ಪ್ರತಿ ಅಲುಗಾಟದಲ್ಲೂ ಡನ್‌ಸ್ಟನ್‌ನ ಬೆನ್ನು ಈಗ ಬಿಡುತ್ತಾನೆ, ಈಗ ಬಿಡುತ್ತಾನೆ ಎಂದು ಸೆಟೆಯುತ್ತಿತ್ತು. ಜೇಡಿಮಣ್ಣಿನ ನಾಲ್ವರನ್ನು ದಾಟಿದರು. ಒಡೆದ ಚೀಲವನ್ನು ದಾಟಿದರು. ಹದಿಮೂರು ದಿನದ ಲೆಕ್ಕವನ್ನು ದಾಟಿದರು. ಅಪ್ಪ ಹನ್ನೊಂದು ದಿನ ಹೀಗೆ ಕಾಣದವನನ್ನು ನಂಬಿ ನಡೆದ. ಬಿಟ್ಟುಹೋದವನ ಕಡೆ ತಿರುಗಿ ನಿಂತು, ಕೂಗಲಾರದ ಹೆಸರನ್ನು ಬಾಯೊಳಗೆ ಇಟ್ಟುಕೊಂಡು, ಎಷ್ಟು ಹೊತ್ತು ನೋಡಿದನೋ. ತನ್ನ ಬಾಯಲ್ಲಿ ಮಾತ್ರ ಆ ಹೆಸರು ಎಷ್ಟು ಸುಲಭವಾಗಿ ಬಂದುಬಿಟ್ಟಿತು, ಹತ್ತು ವರ್ಷದ ಬಾಯಲ್ಲಿ.

“ಅಣ್ಣ, ಉಸಿರು ಬಿಡು” ಅಂದ ಕ್ರಿಸ್ಪಿನ್ ಹಿಂದಿನಿಂದ. “ನಾನಿಲ್ಲೇ ಇದೀನಿ.”

ಅದನ್ನೂ ಅವನು ಪೂರ್ತಿ ನಂಬಲಿಲ್ಲ. ಆದರೆ ಉಸಿರು ಬಿಟ್ಟ.

ಬಾಗಿಲ ಬಳಿಯ ಮೇಜಿನ ಹತ್ತಿರ ಇಳಿಸಿದರು. ಆಗಲೇ ಒಳಕೋಣೆಯಿಂದ ಮಿಸಿಸ್ ಐಲೀನ್ ಬಂದಳು. ಮ್ಯೂಸಿಯಂ ನಡೆಸಲು ಆಸ್ಟ್ರೇಲಿಯಾದಿಂದ ಬಂದವಳು, ತೆಳ್ಳನೆಯ ಹೆಂಗಸು, ಮೊಣಕೈಯವರೆಗೆ ಬಿಳಿ ಬಣ್ಣ. “ಓಹೋ, ಇಬ್ಬರೂ ಸೇರಿ ನನ್ನ ಮ್ಯೂಸಿಯಂ ಹೊತ್ತುಕೊಂಡು ಹೋಗ್ತಿದ್ದೀರಾ?” ಎಂದು ನಕ್ಕಳು. ಕ್ರಿಸ್ಪಿನ್ ನಗಲಿಲ್ಲ. ಅವಳು ಇಬ್ಬರ ಮುಖವನ್ನೂ ನೋಡಿ ನಗು ನಿಲ್ಲಿಸಿದಳು. “ಕ್ರಿಸ್ಪಿನ್, ಹೌರೊ ಅವರ ಕಡೆಯವರು ಇವತ್ತು ಬರ್ತಾರೆ ಅಂದಿದ್ರಲ್ಲ. ಬಣ್ಣ ಹಚ್ಚೋರು ನಾಳೆಗಿಂತ ಹೆಚ್ಚು ಕಾಯಲ್ಲ. ಅವರಿಗೆ ಮಕ್ಕಳು ಇದ್ದರಾ?”

ಕ್ರಿಸ್ಪಿನ್ ಸೊಂಟದ ಕೈಗೊಂಚಲನ್ನು ನೋಡುತ್ತ ನಿಂತ. ಹೇಳುವುದಿಲ್ಲ ಅವನು. ಎಷ್ಟು ಹೊತ್ತಾದರೂ ಹೇಳುವುದಿಲ್ಲ ಎಂದು ಡನ್‌ಸ್ಟನ್‌ಗೆ ತಿಳಿಯಿತು.

ಉತ್ತರಕ್ಕೆ ಕಾಯುತ್ತ ಅವಳ ಕಣ್ಣು ಮೇಜಿನ ಮೇಲಿನ ಪುಸ್ತಕಕ್ಕೆ ಹೋಯಿತು. “ನೀವು ಹೆಸರೇ ಬರೆದಿಲ್ಲವಲ್ಲ. ನಾನೇ ಬರೀತೀನಿ ಇರಿ, ನಿಮ್ಮನ್ನ ಚರ್ಚಲ್ಲಿ ನೋಡಿದೀನಿ, ಪಾಠ ಓದ್ತೀರಿ.” ದಾರ ಕಟ್ಟಿದ ಪೆನ್ನನ್ನು ಎತ್ತಿಕೊಂಡಳು. “ಡನ್‌ಸ್ಟನ್ ಅಸೀಬಾ. ಅಲ್ವಾ?”

ಅವನ ತಲೆ ತಾನಾಗಿ ತಗ್ಗಿತು. ಮಾವನ ಹೆಸರಿಗೆ ಸೋದರಳಿಯ ತಲೆ ತಗ್ಗಿಸಬೇಕೆಂಬ ಕಟ್ಟಳೆ ಎಲ್ಲೂ ಇಲ್ಲ. ಆದರೂ ತಗ್ಗಿತು, ಕತ್ತಿನ ಹಿಂದೆ ಯಾರೋ ಅಂಗೈ ಇಟ್ಟು ಮೆಲ್ಲಗೆ ಒತ್ತಿದ ಹಾಗೆ. ನೆಲದ ಮೇಲೆ ಎರಡು ಗೋಣಿಚೀಲಗಳು ಕಂಡವು, ಕ್ರಿಸ್ಪಿನ್‌ನ ಬರಿಗಾಲು ಕಂಡಿತು. ಆ ತಗ್ಗಿದ ತಲೆಯನ್ನು ಅವಳು ಹೌದೆಂದು ತಿಳಿದುಕೊಂಡಳು. ಪೆನ್ನು ಕಾಗದದ ಮೇಲೆ ಸರಿಯುವ ಸದ್ದು ಕೇಳಿಸಿತು, ಮೊದಲ ಹೆಸರು ಮುಗಿದು, ಒಂದು ಕ್ಷಣ ಎತ್ತಿ, ಎರಡನೆಯದರ ಮೊದಲ ಅಕ್ಷರಕ್ಕೆ ಇಳಿದದ್ದೂ ಕೇಳಿಸಿತು.

ಡನ್‌ಸ್ಟನ್ ತಲೆ ಎತ್ತಿದ. ಅಡ್ಡೆ ಎತ್ತುವುದಕ್ಕಿಂತ ಅದು ಭಾರವಾಗಿತ್ತು.

“ಅದಲ್ಲ” ಅಂದ. “ಆ ಅಕ್ಷರ ಹೊಡೆದುಹಾಕಿ ತಾಯಿ. ಹೌರೊ ಅಂತ ಬರೀರಿ. ಡನ್‌ಸ್ಟನ್ ಹೌರೊ.” ಪೆನ್ನು ನಿಂತಿತ್ತು, ಅವಳು ಅವನನ್ನೇ ನೋಡುತ್ತಿದ್ದಳು. ಪಾಡಿನ ವಾರದ ಪಾಠವನ್ನು ಓದುವ ಹಾಗೆ ಬೇಗ ಬೇಗ ಹೇಳಿ ಮುಗಿಸಬಾರದೆಂದು ಅವನು ಒಂದೊಂದೇ ಮಾತನ್ನು ಬಿಡಿಸಿ ಹೇಳಿದ. “ನನ್ನ ಪೆಟ್ಟಿಗೆ ಹೊತ್ತು ತಂದವನು ನನ್ನಪ್ಪ.”